ಹಬ್ಬದೂಟದ ಹೊತ್ತಿಗೆ ಮಾಗುವ ಕುಂಬಳ

ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಆಚರಿಸುವ ಥ್ಯಾಂಕ್ಸ್‌ಗಿವಿಂಗ್, ಸುಗ್ಗಿಯ ಫಸಲು ಮನೆ ಸೇರಿದ ಮೇಲೆ ಕೃತಜ್ಞತೆ ಸಲ್ಲಿಸುವ ಹಬ್ಬವಾಗಿದ್ದು, ಬಂಧುಬಳಗದವರೆಲ್ಲ ಒಟ್ಟಾಗಿ ಕುಳಿತು ಮಾಡುವ ಊಟವೇ ಅದರ ಜೀವಾಳವಾಗಿದೆ. 1863ರಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಹೊರಡಿಸಿದ ಘೋಷಣೆಯಿಂದ ರಾಷ್ಟ್ರೀಯ ಆಚರಣೆಯಾಗಿ ನೆಲೆಗೊಂಡ ಈ ಹಬ್ಬಕ್ಕೆ ಅಲ್ಲಿನ ಸಂಸತ್ತು 1941ರಲ್ಲಿ ಈಗಿನ ದಿನವನ್ನು ಕಾನೂನಿನ ಮೂಲಕ ಗೊತ್ತುಪಡಿಸಿತು. ಇಡಿಯಾಗಿ ಬೇಯಿಸಿದ ಟರ್ಕಿ ಕೋಳಿ ಆ ಊಟದ ಮುಖ್ಯ ಭಕ್ಷ್ಯವಾದರೂ, ಅದರ ಜೊತೆಗೆ ಬಡಿಸುವ ವ್ಯಂಜನಗಳಲ್ಲಿ ಅತ್ಯಂತ ಸರಳವಾದ ಒಂದು, ಓವನ್ನಿನಲ್ಲಿ ಕೆಂಪಗೆ ಬೇಯಿಸಿದ ಸ್ಕ್ವಾಷ್ ಹೋಳುಗಳು, ಆ ನೆಲದ ಅತಿ ಪ್ರಾಚೀನ ಬೆಳೆಯಿಂದ ಬಂದದ್ದು ಎಂಬುದು ಗಮನಾರ್ಹ.

ಸಿಹಿಗುಂಬಳವನ್ನೂ ಒಳಗೊಂಡ ಕುಕುರ್ಬಿಟಾ ಎಂಬ ಸಸ್ಯಕುಲದ ಕಾಯಿಗಳನ್ನು ಅಮೆರಿಕದಲ್ಲಿ ಒಟ್ಟಾಗಿ ಸ್ಕ್ವಾಷ್ ಎನ್ನುತ್ತಾರೆ. ಈ ಹೆಸರು ಅಟ್ಲಾಂಟಿಕ್ ಕರಾವಳಿಯ ಮೂಲನಿವಾಸಿಗಳಾದ ನ್ಯಾರಗಾನ್ಸೆಟ್ ಜನರ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು. ಮೆಕ್ಸಿಕೋದ ಒಹಾಕಾ ಪ್ರಾಂತ್ಯದ ಗುಹೆಯೊಂದರಲ್ಲಿ ದೊರೆತ, ಸುಮಾರು 10,000 ವರ್ಷ ಹಳೆಯವೆಂದು ಗುರುತಿಸಲಾದ ಬೀಜಗಳು, ಮೆಕ್ಕೆಜೋಳವನ್ನು ಪಳಗಿಸುವುದಕ್ಕೂ ಮುಂಚೆಯೇ ಅಲ್ಲಿನ ಜನ ಈ ಬಳ್ಳಿಯನ್ನು ಬೆಳೆಯುತ್ತಿದ್ದರೆಂದು ತೋರಿಸಿಕೊಟ್ಟಿವೆ. ಮುಂದೆ ಮೆಕ್ಕೆಜೋಳ, ಹುರುಳಿಕಾಯಿ, ಸ್ಕ್ವಾಷ್ ಈ ಮೂರನ್ನೂ ಒಂದೇ ಗುಡ್ಡೆಯಲ್ಲಿ ಬೆಳೆಯುವ ಪದ್ಧತಿ ರೂಢಿಗೆ ಬಂತು. ಮೆಕ್ಕೆಜೋಳದ ದಂಟು ಹುರುಳಿಕಾಯಿಯ ಬಳ್ಳಿಗೆ ಆಸರೆಯಾದರೆ, ಆ ಬಳ್ಳಿ ನೆಲಕ್ಕೆ ಸಾರಜನಕವನ್ನು ಕೂಡಿಸುತ್ತದೆ, ಸ್ಕ್ವಾಷಿನ ಅಗಲವಾದ ಎಲೆಗಳು ನೆಲಕ್ಕೆ ನೆರಳಾಗಿ ತೇವವನ್ನು ಕಾಯುತ್ತವೆ. ಹೀಗೆ ಒಂದಕ್ಕೊಂದು ನೆರವಾಗುವ ಈ ಬೆಳೆಗಳನ್ನು ಹೌಡೆನೊಶೋನಿ ಎಂಬ ಮೂಲನಿವಾಸಿ ಜನ ಮೂವರು ಅಕ್ಕತಂಗಿಯರೆಂದು ಕರೆಯುತ್ತಾರೆ.

ಸ್ಕ್ವಾಷಿನಲ್ಲಿ ಬೇಸಿಗೆಯದು, ಚಳಿಗಾಲದ್ದು ಎಂಬ ಎರಡು ಬಗೆಗಳಿದ್ದು, ಜುಕಿನಿಯಂತೆ ಎಳೆಯದಾಗಿರುವಾಗಲೇ ಕೊಯ್ದು ತಿನ್ನುವವು ಮೊದಲನೆಯ ಬಗೆಗೆ ಸೇರುತ್ತವೆ. ಎರಡನೆಯವು ಚಳಿಗಾಲದಲ್ಲಿ ಬೆಳೆಯುವ ಕಾಯಿಗಳಲ್ಲ. ಬಳ್ಳಿಯಲ್ಲೇ ಪೂರ್ತಿ ಬಲಿತು, ಗಟ್ಟಿ ಸಿಪ್ಪೆ ಕಟ್ಟಿಕೊಂಡು, ಚಳಿಗಾಲದುದ್ದಕ್ಕೂ ಕೆಡದೆ ಉಳಿಯುವ ಕಾಯಿಗಳು. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಬಟರ್‌ನಟ್ ತಳಿಯನ್ನು ಶರತ್ಕಾಲದಲ್ಲಿ ಕೊಯ್ದು ತಂಪಾದ ಒಣ ಜಾಗದಲ್ಲಿ ಇಟ್ಟಾಗ, ತಿರುಳಿನಲ್ಲಿರುವ ಪಿಷ್ಟ ವಾರಗಳು ಕಳೆದಂತೆ ಮೆಲ್ಲಗೆ ಸಕ್ಕರೆಯಾಗಿ ಮಾರ್ಪಡುತ್ತದೆ. ಆದ್ದರಿಂದ ಸೆಪ್ಟೆಂಬರ್ ಕೊನೆಯಲ್ಲಿ ಸಪ್ಪೆಯಾಗಿದ್ದ ಕಾಯಿ ನವೆಂಬರಿನ ಹಬ್ಬದ ಹೊತ್ತಿಗೆ ತಾನಾಗಿಯೇ ಸಿಹಿಯಾಗಿರುತ್ತದೆ, ಮತ್ತು ಅಡುಗೆಯವರ ಪಾಲಿಗೆ ಉಳಿಯುವುದು ಆ ಸಿಹಿಯನ್ನು ನೀರಿನಲ್ಲಿ ಕರಗಿಸಿ ಕಳೆಯದೆ ಹೊರತರುವ ಕೆಲಸವೊಂದೇ.

ಆ ಕೆಲಸವನ್ನು ಚೆನ್ನಾಗಿ ನೆರವೇರಿಸುವ ವಿಧಾನವೇ ರೋಸ್ಟ್ ಮಾಡುವುದು, ಅಂದರೆ ನೀರಿಲ್ಲದೆ ಓವನ್ನಿನ ಒಣಶಾಖದಲ್ಲಿ ಬೇಯಿಸುವುದು. ಹೋಳಿನ ಮೈಮೇಲಿನ ತೇವ ಆರುವವರೆಗೆ ಅಲ್ಲಿನ ಉಷ್ಣತೆ ನೀರು ಕುದಿಯುವ 100 ಡಿಗ್ರಿ ಸೆಲ್ಸಿಯಸ್ ದಾಟಲಾರದು. ತೇವ ಆರಿದ ಮೇಲೆ ಅದು 140 ಡಿಗ್ರಿಯ ಆಚೆಗೇರಿ, ಸಕ್ಕರೆಗಳೂ ಅಮೈನೋ ಆಮ್ಲಗಳೂ ಕೂಡಿ ಕಂದು ಬಣ್ಣವನ್ನೂ ಹೊಸ ಪರಿಮಳವನ್ನೂ ಹುಟ್ಟಿಸುತ್ತವೆ. ಫ್ರೆಂಚ್ ವಿಜ್ಞಾನಿ ಲೂಯಿ ಕಮೀಯ್ ಮಾಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದ್ದು, ರೊಟ್ಟಿಯ ಮೇಲಿನ ಕಂದು ಚುಕ್ಕೆಗಳಿಗೂ ಹುರಿದ ಕಾಫಿಬೀಜದ ಘಮಕ್ಕೂ ಅದೇ ಕಾರಣ.

ಆರು ಜನರ ಊಟಕ್ಕೆ ಸುಮಾರು ಒಂದೂವರೆ ಕಿಲೋ ತೂಕದ ಒಂದು ಬಟರ್‌ನಟ್ ಸಾಕಾಗುತ್ತದೆ. ಉದ್ದ ಕತ್ತು, ದುಂಡು ಬುಡವಿರುವ ಈ ಕಾಯಿಯ ಎರಡೂ ತುದಿಗಳನ್ನು ತೆಗೆದು, ಕತ್ತು ಬುಡವನ್ನು ಸೇರುವಲ್ಲಿ ಅಡ್ಡಲಾಗಿ ಕೊಯ್ದರೆ, ಎರಡು ತುಂಡುಗಳೂ ಹಲಗೆಯ ಮೇಲೆ ಅಲುಗದೆ ನಿಲ್ಲುವುದರಿಂದ ಚಾಕು ಜಾರುವ ಭಯ ಕಡಿಮೆಯಾಗುತ್ತದೆ. ಸಿಪ್ಪೆ ಹೆರೆಯುವಾಗ ಅದರಡಿ ಕಾಣುವ ತೆಳುಹಸಿರು ಗೆರೆಗಳು ಬೆಂದ ಮೇಲೂ ನಾರಾಗಿಯೇ ಉಳಿಯುತ್ತವಾದ್ದರಿಂದ, ಕಿತ್ತಳೆ ಬಣ್ಣದ ತಿರುಳು ಕಾಣುವವರೆಗೆ ಇನ್ನೊಮ್ಮೆ ಹೆರೆಯಬೇಕು. ಹೆಚ್ಚುವಾಗ ಜಿನುಗುವ ಸೊನೆ ಬೆರಳುಗಳ ಮೇಲೆ ಒಣಗಿ ಚರ್ಮ ಬಿಗಿದಂತಾಗುವುದುಂಟು. ಕೈಗೆ ಮೊದಲೇ ಎಣ್ಣೆ ಸವರಿಕೊಂಡರೆ ಆ ತೊಂದರೆ ತಪ್ಪುತ್ತದೆ. ಬುಡದಲ್ಲಿರುವ ಬೀಜವನ್ನೂ ನಾರನ್ನೂ ಚಮಚದಿಂದ ಕೆರೆದು ತೆಗೆದು, ತಿರುಳನ್ನು ಒಂದಂಗುಲದ ಸಮ ಹೋಳುಗಳಾಗಿ ಹೆಚ್ಚಿ, ಮೂರು ದೊಡ್ಡ ಚಮಚ ಎಣ್ಣೆ, ಒಂದು ಸಣ್ಣ ಚಮಚ ಉಪ್ಪು, ಸ್ವಲ್ಪ ಕಾಳುಮೆಣಸಿನ ಪುಡಿ ಬೆರೆಸಬೇಕು. ತಿರುಳಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ದೇಹಕ್ಕೆ ದಕ್ಕಲು ಜಿಡ್ಡು ಬೇಕಾಗುವುದರಿಂದ, ಎಣ್ಣೆಯ ಪಾತ್ರ ರುಚಿಗಷ್ಟೇ ಸೀಮಿತವಲ್ಲ.

ಅನಂತರದ ಹಂತದಲ್ಲಿ ಬಹಳ ಜನ ಎಡವುತ್ತಾರೆ. ಹೋಳುಗಳನ್ನು ಒಂದರ ಮೇಲೊಂದು ರಾಶಿ ಹಾಕಿದರೆ ಅವುಗಳಿಂದ ಹೊರಡುವ ಹಬೆ ಅಲ್ಲಲ್ಲೇ ಸಿಕ್ಕಿಕೊಂಡು, ರೋಸ್ಟ್ ಆಗಬೇಕಾದದ್ದು ಹಬೆಯಲ್ಲಿ ಬೆಂದು ಮೆತ್ತಗಾಗಿಬಿಡುತ್ತದೆ. ಆದ್ದರಿಂದ ಅಗಲವಾದ ಟ್ರೇಯಲ್ಲಿ ಒಂದೇ ಪದರವಾಗಿ, ಹೋಳಿನಿಂದ ಹೋಳಿಗೆ ಬೆರಳಗಲ ಬಿಟ್ಟು ಹರಡಿ, ಮೊದಲೇ 220 ಡಿಗ್ರಿ ಸೆಲ್ಸಿಯಸ್‌ಗೆ, ಎಂದರೆ ಅಮೆರಿಕದ ಓವನ್ನುಗಳ ಲೆಕ್ಕದಲ್ಲಿ 425 ಡಿಗ್ರಿ ಫ್ಯಾರನ್‌ಹೀಟ್‌ಗೆ ಕಾಯಿಸಿದ ಓವನ್ನಿನಲ್ಲಿಟ್ಟು, ನಡುವೆ ಒಮ್ಮೆ ಮಗುಚಿ ಹಾಕಿದರೆ, 30ರಿಂದ 40 ನಿಮಿಷಗಳಲ್ಲಿ ಅಂಚುಗಳು ಕಂದಾಗಿ ಒಳತಿರುಳು ಬೆಣ್ಣೆಯಂತೆ ಮೃದುವಾಗುತ್ತದೆ. ಹಬ್ಬದ ದಿನ ಓವನ್ನನ್ನು ಟರ್ಕಿಯೇ ಆಕ್ರಮಿಸಿರುತ್ತದೆಂಬ ಚಿಂತೆಗೂ ಸುಲಭ ಪರಿಹಾರವಿದೆ: ಬೆಂದ ಟರ್ಕಿಯನ್ನು ಅದರ ರಸ ಮಾಂಸದಲ್ಲೇ ಉಳಿಯಲೆಂದು ಕೊಯ್ಯುವ ಮುನ್ನ ಅರ್ಧ ಗಂಟೆಯಷ್ಟು ಹೊತ್ತು ಹೊರಗೆ ಬಿಡುವ ವಾಡಿಕೆಯಿದ್ದು, ಓವನ್ ಖಾಲಿಯಾಗುವ ಆ ಬಿಡುವು ಈ ವ್ಯಂಜನಕ್ಕೆ ಹೇಳಿ ಮಾಡಿಸಿದಂತಿದೆ. ಕೊನೆಯ ಹತ್ತು ನಿಮಿಷಗಳಲ್ಲಿ ಸೇಜ್ ಎಂಬ ಪರಿಮಳದ ಸೊಪ್ಪನ್ನೂ, ಮೇಪಲ್ ಮರದ ರಸ ಕಾಯಿಸಿ ತಯಾರಿಸುವ ಪಾಕವನ್ನು ಒಂದು ಚಮಚದಷ್ಟೂ ಸೇರಿಸುವುದುಂಟು. ಪಾಕವನ್ನು ಮೊದಲೇ ಹಾಕಿದರೆ ಹೋಳು ಬೇಯುವ ಮುನ್ನವೇ ಅದು ಸೀದುಹೋಗುತ್ತದೆ.

ಕನ್ನಡಿಗರಿಗೆ ಈ ಕಾಯಿ ಪರಕೀಯವಲ್ಲ. ಆಯುಧಪೂಜೆಯಲ್ಲಿ ಒಡೆಯುವ ಬೂದುಗುಂಬಳ ಏಷ್ಯಾದ್ದೇ ಆದ ಬೇರೊಂದು ಕುಲದ ಕಾಯಿಯಾಗಿದ್ದು, ಅದರಲ್ಲಿ ನೀರೇ ಹೆಚ್ಚಾದ್ದರಿಂದ ಈ ವಿಧಾನಕ್ಕೆ ಒಗ್ಗದು. ಕರಾವಳಿ, ಮಲೆನಾಡುಗಳಲ್ಲಿ ಚೀನಿಕಾಯಿ ಎನಿಸಿಕೊಳ್ಳುವ ಸಿಹಿಗುಂಬಳವಾದರೋ ಅಮೆರಿಕದಿಂದ ಬಂದು ಇಲ್ಲಿ ಬೇರೂರಿದ, ಬಟರ್‌ನಟ್‌ನ ಹತ್ತಿರದ ಬಂಧು. ಹಾಗಾಗಿ ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಸೇಜ್ ಸೊಪ್ಪಿನ ಬದಲು ಸಾಸಿವೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಟ್ಟರೂ ರುಚಿ ಕೆಡುವುದಿಲ್ಲ, ಊರಿನಲ್ಲಿರುವವರು ಚೆನ್ನಾಗಿ ಬಲಿತ ಚೀನಿಕಾಯಿಯಿಂದಲೇ ಇದನ್ನು ಮಾಡಿಕೊಳ್ಳಬಹುದು. ಎಲ್ಲಿ ಮಾಡಿದರೂ ಬಡಿಸುವವರೆಗೆ ಪಾತ್ರೆಗೆ ಮುಚ್ಚಳ ಹಾಕದಿರುವುದು ಒಳ್ಳೆಯದು. ಓವನ್ ಅಷ್ಟು ಹೊತ್ತು ಹೊರದೂಡಿದ ತೇವ ಮುಚ್ಚಳದಡಿ ಮತ್ತೆ ಹನಿಗೂಡಿದರೆ, ಕಾಯಿ ತಿಂಗಳುಗಟ್ಟಲೆ ಕೂಡಿಟ್ಟುಕೊಂಡ ಸಿಹಿಗೆ ಗರಿಗರಿಯ ಅಂಚಿನ ಜೊತೆ ತಪ್ಪಿಹೋಗುತ್ತದೆ.