ಅಟ್ಟದ ಮೇಲಣ ಇತಿಹಾಸ

ಕಳೆದ ವರ್ಷದ ಜ್ಯೇಷ್ಠಮಾಸದಲ್ಲಿ, ಮಳೆ ಹಿಡಿದಿದ್ದ ಒಂದು ಸಾಯಂಕಾಲ, ನಮ್ಮ ನೆರೆಯ ಗೃಹಸ್ಥರೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಚಾವಡಿಗೆ ಬಂದರು. ಹುಡುಗಿಯು ಪಿ.ಯು.ಸಿ. ಪರೀಕ್ಷೆಯಲ್ಲಿ ಉತ್ತಮ ಅಂಕಗಳಿಂದ ತೇರ್ಗಡೆಯಾಗಿದ್ದಳು. ತಂದೆಯ ಮುಖದಲ್ಲಿ ಮಾತ್ರ ಸಂತೋಷದ ಕಳೆ ಇರಲಿಲ್ಲ.

"ಮಾಷ್ಟ್ರೇ, ಇವಳಿಗೆ ನೀವಾದರೂ ಸ್ವಲ್ಪ ಬುದ್ಧಿ ಹೇಳಬೇಕು. ವಿಜ್ಞಾನದಲ್ಲಿ ಇಷ್ಟು ಅಂಕ ತೆಗೆದವಳು ಈಗ ಚರಿತ್ರೆ, ಸಮಾಜಶಾಸ್ತ್ರ ಓದುತ್ತೇನೆ ಎನ್ನುತ್ತಾಳೆ. ನಮ್ಮ ಊರು, ನಮ್ಮ ಜನ, ನಮ್ಮ ಕಟ್ಟುಕಟ್ಟಳೆ, ಇದೆಲ್ಲ ಮನೆಯಲ್ಲಿ ಕೂತು ಅಜ್ಜಿಯ ಬಾಯಿಂದ ಕೇಳಿದರೆ ಸಾಲದೆ? ಅದಕ್ಕೊಂದು ವಿಶ್ವವಿದ್ಯಾನಿಲಯ ಯಾಕೆ?" ಎಂದು ಅವರು ಕೇಳಿದರು.

ಈ ಪ್ರಶ್ನೆಯು ಅವರೊಬ್ಬರದಲ್ಲ. ವೈದ್ಯವಿದ್ಯಾಲಯಗಳೂ ಎಂಜಿನಿಯರಿಂಗ್ ಕಾಲೇಜುಗಳೂ ಹೆಜ್ಜೆಗೊಂದರಂತೆ ಇರುವ ಈ ಮಂಗಳೂರಿನಲ್ಲಿ ಅನೇಕ ಮನೆಗಳ ತಾಯಿತಂದೆಗಳು ಇದನ್ನೇ ಕೇಳುತ್ತಿದ್ದಾರೆ. ಆದುದರಿಂದ ಅಂದು ಅವರಿಗೆ ಹೇಳಿದುದನ್ನೂ, ಹೇಳಲು ನಾಚಿ ಬಿಟ್ಟುದನ್ನೂ ಇಲ್ಲಿ ವಾಚಕರ ಮುಂದಿಡುತ್ತೇವೆ.

ಇತಿಹಾಸ ಎಂಬ ಪದವನ್ನು ಬಿಡಿಸಿದರೆ ಇತಿ, ಹ, ಆಸ, ಅಂದರೆ "ಹೀಗೆಯೇ ಇತ್ತು" ಎಂದಾಗುತ್ತದೆ. ಅಜ್ಜಿಯು ಹೇಳುವುದೂ ಇದನ್ನೇ. ವಿಶ್ವವಿದ್ಯಾನಿಲಯವು ಅದರ ಮೇಲೆ ಇನ್ನೊಂದು ಪ್ರಶ್ನೆಯನ್ನು ಕೇಳುತ್ತದೆ: "ಹೀಗೆಯೇ ಇತ್ತೆಂಬುದಕ್ಕೆ ಪ್ರಮಾಣವೇನು?" ನಮ್ಮ ತರ್ಕಶಾಸ್ತ್ರದವರು ಪ್ರಮಾಣವಿಲ್ಲದೆ ಪ್ರಮೇಯವನ್ನು ಒಪ್ಪುವವರಲ್ಲ. ಹಾಗೆಯೇ ಚರಿತ್ರೆಯ ವಿದ್ಯಾರ್ಥಿಯೂ ಶಾಸನವನ್ನು ಹಾಡಿನೊಡನೆ, ಹಾಡನ್ನು ಲೆಕ್ಕದ ಪುಸ್ತಕದೊಡನೆ, ಅದನ್ನು ಪರದೇಶಿಯ ಕಾಗದದೊಡನೆ ಹೋಲಿಸಿ ನೋಡುತ್ತಾನೆ. ಮನೆಯಲ್ಲಿ ದೊರೆಯುವುದು ಸಾಮಗ್ರಿ. ವಿದ್ಯಾಪೀಠದಲ್ಲಿ ದೊರೆಯುವುದು ಅದನ್ನು ಒರೆಗೆ ಹಚ್ಚುವ ಕ್ರಮ. ಇವೆರಡರಲ್ಲಿ ಒಂದಿಲ್ಲದೆ ಇನ್ನೊಂದು ನಡೆಯದು.

ನಮ್ಮ ದೇಶವನ್ನೂ ನೆರೆಯ ದೇಶಗಳನ್ನೂ ಕೂಡಿಸಿ ದಕ್ಷಿಣ ಏಷ್ಯಾ ಎಂದು ಕರೆದು, ಅದರ ಸಮಾಜ, ಸಂಸ್ಕೃತಿ, ಚರಿತ್ರೆಗಳನ್ನು ಅಭ್ಯಾಸಮಾಡುವ ಪೀಠಗಳು ಪ್ರಪಂಚದ ಹಲವೆಡೆ ಇವೆ. ಲಂಡನ್ನಿನ ಪ್ರಾಚ್ಯವಿದ್ಯಾಶಾಲೆಯು 1916ರಲ್ಲಿಯೂ, ಜರ್ಮನಿಯ ಹೈಡಲ್‌ಬರ್ಗಿನ ದಕ್ಷಿಣ ಏಷ್ಯಾ ಸಂಸ್ಥೆಯು 1962ರಲ್ಲಿಯೂ ಸ್ಥಾಪಿತವಾದುವು. ಅಮೆರಿಕೆಯ ಶಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಮೈಸೂರಿನವರಾದ ಎ. ಕೆ. ರಾಮಾನುಜನ್ನರು ಬಹುಕಾಲ ಅಧ್ಯಾಪಕರಾಗಿದ್ದರು. ಮಂಗಳೂರಿನ ಸಮೀಪದ ಕೊಣಾಜೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವು 1968ರಲ್ಲಿ ಆರಂಭವಾಗಿ, 1980ರಲ್ಲಿ ಅದೇ ಮಂಗಳೂರು ವಿಶ್ವವಿದ್ಯಾನಿಲಯವಾಯಿತು.

ಆದರೆ ಈ ವಿದ್ಯೆಯು ನಮ್ಮ ಊರಿಗೆ ಅಂದು ಮೊದಲಾಗಿ ಬಂದುದಲ್ಲ. ಬಾಸೆಲ್ ಮಿಶನ್ನಿನವರು ಇಲ್ಲಿಗೆ ಬಂದುದು 1834ರಲ್ಲಿ. ಅವರಲ್ಲೊಬ್ಬರಾದ ಮೋಗ್ಲಿಂಗರು 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ದಕ್ಷಿಣ ಭಾರತದ ಲಿಪಿಗಳನ್ನು ಕುರಿತು ನ್ಯಾಯಾಧೀಶ ಬರ್ನೆಲ್ಲರು ಬರೆದ ಗ್ರಂಥವು 1874ರಲ್ಲಿ ಅಚ್ಚಾದುದು ಮಂಗಳೂರಿನ ಮುದ್ರಣಾಲಯದಲ್ಲಿ. ಕಿಟ್ಟೆಲರ ಕನ್ನಡ ಶಬ್ದಕೋಶವು 1894ರಲ್ಲಿ ಅಚ್ಚಾದುದೂ ಇಲ್ಲಿಯೇ. ಆ ಕೋಶವನ್ನು ಕಂಡು ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಕಿಟ್ಟೆಲರಿಗೆ ಡಾಕ್ಟರ್ ಪದವಿಯನ್ನಿತ್ತಿತು. ತರುವಾಯ ನಮ್ಮವರೇ ಈ ಕಾರ್ಯಕ್ಕೆ ಕೈಹಚ್ಚಿದರು. ಭಾಸ್ಕರ ಆನಂದ ಸಾಲೆತ್ತೂರರ ತುಳುವ ಚರಿತ್ರೆಯು 1936ರಲ್ಲಿಯೂ, ಪಿ. ಗುರುರಾಜ ಭಟ್ಟರ ತುಳುವ ಇತಿಹಾಸ ಮತ್ತು ಸಂಸ್ಕೃತಿಯ ಗ್ರಂಥವು 1975ರಲ್ಲಿಯೂ ಪ್ರಕಟವಾದುವು. ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ತುಳು ನಿಘಂಟು 6 ಸಂಪುಟಗಳಲ್ಲಿ ಹೊರಬಂದು 1997ರಲ್ಲಿ ಪೂರ್ಣವಾಯಿತು.

ಇಷ್ಟನ್ನು ಹೇಳಿದಾಗ ನಮ್ಮ ನೆರೆಯವರು, "ಇದೆಲ್ಲ ದೊಡ್ಡ ವಿದ್ವಾಂಸರ ಮಾತಾಯಿತು, ಅಜ್ಜಿಗೆ ಗೊತ್ತಿರುವುದರ ಮಾತು ಏನಾಯಿತು?" ಎಂದರು. ಅದಕ್ಕೆ ನಾವು ಕೊಟ್ಟ ಉತ್ತರವು ಸಿರಿಯ ಪಾಡ್ದನದ ವೃತ್ತಾಂತ.

ಸಿರಿಯ ಕಥೆಯನ್ನು ಕೇಳದ ತುಳುವರು ವಿರಳ. ಕವತ್ತಾರು, ನಂದಳಿಕೆ ಮೊದಲಾದ ಕ್ಷೇತ್ರಗಳಲ್ಲಿ ಆಕೆಯ ಜಾತ್ರೆಗೆ ಸಾವಿರಾರು ಸ್ತ್ರೀಯರು ನೆರೆಯುತ್ತಾರೆ. ಎಲ್ಲರೂ ಬಲ್ಲ ಈ ಕಥೆಯಲ್ಲಿ ತಿಳಿಯತಕ್ಕದ್ದು ಇನ್ನೇನಿದೆ ಎಂದು ನಾವೂ ಭಾವಿಸಿದ್ದೆವು. ಫಿನ್‌ಲೆಂಡಿನ ಲೌರಿ ಹೊಂಕೊ ಎಂಬ ವಿದ್ವಾಂಸರು ಮಂಗಳೂರು ವಿಶ್ವವಿದ್ಯಾನಿಲಯದ ಬಿ. ಎ. ವಿವೇಕ ರೈಗಳನ್ನೂ ಚಿನ್ನಪ್ಪ ಗೌಡರನ್ನೂ ಕೂಡಿಕೊಂಡು, ಬೆಳ್ತಂಗಡಿ ತಾಲೂಕಿನ ಮಾಚಾರಿನ ಕೃಷಿಕರಾದ ಗೋಪಾಲ ನಾಯ್ಕರ ಬಾಯಿಂದ 1990ರಲ್ಲಿ ಆ ಕಥೆಯನ್ನು ಆದ್ಯಂತವಾಗಿ ಧ್ವನಿಮುದ್ರಿಸಿಕೊಂಡರು. 1998ರಲ್ಲಿ ಅದು ಅಚ್ಚಾದಾಗ ಪಂಕ್ತಿಗಳ ಸಂಖ್ಯೆಯು 15,683! ಒಬ್ಬ ಕೃಷಿಕನ ಕಂಠದಲ್ಲಿ ಒಂದು ಮಹಾಕಾವ್ಯವಿತ್ತೆಂದು ಪ್ರಪಂಚವು ಆಗ ತಿಳಿಯಿತು. ಗಂಡನನ್ನು ತ್ಯಜಿಸಿ ಹೊರಟು, ಮರುಮದುವೆಯಾಗುವ ಸಿರಿಯ ನಡತೆಗೂ, ಹೆಣ್ಣಿನ ಮೂಲಕ ಆಸ್ತಿಯು ಇಳಿದುಬರುತ್ತಿದ್ದ ಅಳಿಯಸಂತಾನದ ಕಟ್ಟಿಗೂ ಇರುವ ಸಂಬಂಧವೇನು? ಇದನ್ನು ಕೇಳಲು ಪಾಡ್ದನವೂ ಬೇಕು, 1949ರ ಮದರಾಸು ಅಳಿಯಸಂತಾನ ಕಾನೂನೂ ಬೇಕು, ಅದಕ್ಕಿಂತ ಹಿಂದಣ ಮನೆಮನೆಯ ಪತ್ರಗಳೂ ಬೇಕು. ಅಜ್ಜಿಯು ಕಥೆಯನ್ನು ಕೊಡುತ್ತಾಳೆ. ಈ ಮೂರನ್ನೂ ಒಂದು ಮಣೆಯ ಮೇಲಿಟ್ಟು ನೋಡುವ ಅಭ್ಯಾಸವು ವಿದ್ಯಾಪೀಠದಲ್ಲಿ ಬರುತ್ತದೆ.

ಮನೆಮನೆಯ ಪತ್ರಗಳು ಎಂದೆವಷ್ಟೆ. ಅವುಗಳ ಬೆಲೆಯನ್ನು ತಿಳಿಯಲು ಒಮ್ಮೆ ಈಜಿಪ್ಟ್ ದೇಶಕ್ಕೆ ಹೋಗಬೇಕಾಗಿದೆ.

ಹಳೆಯ ಕೈರೋ ನಗರದ ಒಂದು ಯೆಹೂದಿ ಪ್ರಾರ್ಥನಾಮಂದಿರದಲ್ಲಿ ಗೆನೀಜಾ ಎಂಬ ಒಂದು ಕೋಣೆಯಿತ್ತು. ದೇವರ ಹೆಸರು ಬರೆದಿರಬಹುದಾದ ಯಾವ ಕಾಗದವನ್ನೂ ಸುಡಬಾರದು, ಬಿಸಾಡಬಾರದು ಎಂಬ ಭಾವನೆಯಿಂದ ಅಲ್ಲಿಯ ಜನರು ಹರಿದ ಕಾಗದ, ಸಾಮಾನಿನ ಪಟ್ಟಿ, ವರ್ತಕರ ಪತ್ರ, ಎಲ್ಲವನ್ನೂ ಆ ಕೋಣೆಯಲ್ಲಿ ಹಾಕುತ್ತ ಬಂದರು. 1896–97ರಲ್ಲಿ ಶೆಕ್ಟರ್ ಎಂಬ ಪಂಡಿತರು ಅದರಲ್ಲಿ ಬಹುಭಾಗವನ್ನು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಸಾಗಿಸಿದರು. ಅಲ್ಲಿ ಈಗ 1,90,000ಕ್ಕಿಂತ ಹೆಚ್ಚು ತುಣುಕುಗಳಿವೆ. ಗೊಯಿಟೈನ್ ಎಂಬವರು ಅವನ್ನು ಓದುತ್ತ ಹೋದಾಗ ಅಲ್ಲಲ್ಲಿ ಕಂಡ ಒಂದು ಊರಿನ ಹೆಸರು—ಮಂಜರೂರ್. ಅದು ನಮ್ಮ ಮಂಗಳೂರೇ!

ಅಬ್ರಹಾಂ ಬೆನ್ ಯಿಜು ಎಂಬ ವರ್ತಕನು ಉತ್ತರ ಆಫ್ರಿಕದ ಕಡಲತಡಿಯಿಂದ ಹೊರಟು, ಏಡನ್ ಬಂದರಿನ ಮಾರ್ಗವಾಗಿ ಇಲ್ಲಿಗೆ ಬಂದು, 12ನೆಯ ಶತಮಾನದಲ್ಲಿ, ಆಳುಪರ ಕಾಲದಲ್ಲಿ, ಸುಮಾರು 17 ವರ್ಷಗಳನ್ನು ಈ ಕರಾವಳಿಯಲ್ಲಿ ಕಳೆದನು. ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಆತನು ಬರೆಯಿಸಿದ ಪತ್ರದಲ್ಲಿ 1132ನೆಯ ಇಸವಿಯೂ ನಮ್ಮ ಊರಿನ ಹೆಸರೂ ಇವೆ. ಆತನಿಗೆ ಇಲ್ಲಿ ಕಂಚಿನ ಪಾತ್ರೆಗಳನ್ನು ಮಾಡಿಸುವ ಕಾರ್ಯಾಗಾರವಿತ್ತು. ಏಡನ್ನಿನ ಮಿತ್ರರು ಹಳೆಯ ತಾಮ್ರವನ್ನು ಕಳುಹಿಸಿ ಹೊಸ ಪಾತ್ರೆಗಳನ್ನು ತರಿಸಿಕೊಳ್ಳುತ್ತಿದ್ದರು. ಇಲ್ಲಿಂದ ಕರಿಮೆಣಸು, ಅಡಿಕೆ, ಕಬ್ಬಿಣ ಹೋಗುತ್ತಿದ್ದುವು. ಅಲ್ಲಿಂದ ಬರೆಯುವ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದುವು. ಆತನ ಪರವಾಗಿ ವ್ಯಾಪಾರಕ್ಕೆ ಏಡನ್ನಿಗೆ ಹೋಗಿಬರುತ್ತಿದ್ದವನು ಇಲ್ಲಿನ ಒಬ್ಬ ದಾಸ.

ಆ ದಾಸನ ಹೆಸರು ಸ್ವರಚಿಹ್ನೆಗಳಿಲ್ಲದ ಹೀಬ್ರೂ ಲಿಪಿಯಲ್ಲಿ ಮೂರೇ ಅಕ್ಷರಗಳಲ್ಲಿತ್ತು. ಅದನ್ನು ಹೇಗೆ ಉಚ್ಚರಿಸತಕ್ಕದ್ದು? ಆಕ್ಸ್‌ಫರ್ಡಿನಲ್ಲಿ ಮಾನವಶಾಸ್ತ್ರವನ್ನು ಓದಿದ ಅಮಿತಾವ ಘೋಷರು ಈ ಪ್ರಶ್ನೆಯನ್ನು ಹೊತ್ತು ಮಂಗಳೂರಿಗೆ ಬಂದರು. ತುಳುನಾಡಿನ ಬೆರ್ಮೆರ ಆರಾಧನೆಯನ್ನೂ ಇಲ್ಲಿಯ ಹೆಸರುಗಳನ್ನೂ ಬಲ್ಲ ವಿವೇಕ ರೈಗಳ ನೆರವಿನಿಂದ ಅದು 'ಬೊಮ್ಮ' ಎಂದು ನಿಶ್ಚಯವಾಯಿತು. ಘೋಷರು 1992ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವೃತ್ತಾಂತವೆಲ್ಲ ಇದೆ. ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಬಾಳಿದ ಒಬ್ಬ ಸಾಮಾನ್ಯ ಸೇವಕನ ಹೆಸರು ಮರಳಿ ಬರಬೇಕಾದರೆ ಕೈರೋ ನಗರದ ಕೋಣೆ, ಕೇಂಬ್ರಿಜಿನ ಭಂಡಾರ, ಅರಬ್ಬೀ ಮತ್ತು ಹೀಬ್ರೂ ವಿದ್ವತ್ತು ಬೇಕಾದುವು. ಇಷ್ಟಿದ್ದೂ, ನಮ್ಮ ಅಜ್ಜಿಯಂದಿರು ಬಲ್ಲ ಬೆರ್ಮೆರ ಹೆಸರಿಲ್ಲದಿದ್ದರೆ ಕಾರ್ಯವು ಸಾಗುತ್ತಿರಲಿಲ್ಲ.

ನೆರೆಯವರು ಇದನ್ನು ಕೇಳಿ ಸುಮ್ಮನಾದರು. ಹುಡುಗಿಯು, "ಅಜ್ಜಾ, ನಮ್ಮ ಊರಿನಲ್ಲಿ ಅಂಥ ಕಾಗದ ಯಾವುದೂ ಉಳಿದಿಲ್ಲವೆ?" ಎಂದು ಕೇಳಿದಳು. ಅಂದು ನಾವು ಬಾಯಿಬಿಟ್ಟು ಹೇಳದೆ ಉಳಿದುದು ಇದಕ್ಕೆ ಸಂಬಂಧಿಸಿದ ಮಾತು.

ಸುಮಾರು ಮೂವತ್ತು ವರ್ಷಗಳ ಹಿಂದೆ ನಮ್ಮ ಮೂಲಮನೆಯ ಹಂಚಿನ ಮಾಡನ್ನು ಬಿಚ್ಚಿ ಕಟ್ಟಿಸಿದೆವು. ಆಗ ಅಟ್ಟದಿಂದ ಎರಡು ಪೆಟ್ಟಿಗೆಗಳು ಕೆಳಗಿಳಿದುವು. ಒಂದರಲ್ಲಿ ತುಳು ಲಿಪಿಯ ತಾಳೆಗರಿಗಳಿದ್ದುವು, ಭಾಷೆ ಸಂಸ್ಕೃತ. ಅವನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ದೇವರ ಕೋಣೆಯಲ್ಲಿಟ್ಟೆವು. ಇನ್ನೊಂದರಲ್ಲಿ ಮೂಲಗೇಣಿ, ಚಾಲಗೇಣಿಯ ಚೀಟುಗಳು, ಮುಡಿ ಅಕ್ಕಿಯ ಲೆಕ್ಕದ ಪುಸ್ತಕಗಳು, ಸಾಲದ ಪತ್ರಗಳು, ಅಂಚಿನಲ್ಲಿ ಗೆದ್ದಲು ತಿಂದ ಹಳೆಯ ಕಾಗದಗಳು ತುಂಬಿದ್ದುವು. 1974ರ ಭೂಸುಧಾರಣೆಯಿಂದ ಗೇಣಿಯ ಪದ್ಧತಿಯೇ ಹೋಗಿತ್ತು. ಇನ್ನು ಈ ಕಸವೇಕೆಂದು, ಸಂಸ್ಕೃತವನ್ನು ಕಲಿತು ಮಕ್ಕಳಿಗೆ ಕಲಿಸುತ್ತಿದ್ದ ನಾವೇ, ಅವುಗಳನ್ನು ಬಚ್ಚಲ ಒಲೆಗೆ ಹಾಕಲು ಹೇಳಿದೆವು. ಮೂರು ದಿನ ಆ ಕಾಗದಗಳಿಂದ ಸ್ನಾನದ ನೀರು ಕಾಯಿತು.

ಮುಂದೆ ತಾಳೆಗರಿಗಳನ್ನು ಬಲ್ಲವರಿಗೆ ತೋರಿಸಿದಾಗ ಅವು ಬೇಕಾದಷ್ಟು ಸಲ ಅಚ್ಚಾಗಿರುವ ಗ್ರಂಥಗಳ ಪ್ರತಿಗಳೆಂದು ತಿಳಿಯಿತು. ಅವು ಪೂಜ್ಯವೇ ಸರಿ. ಆದರೆ ಅವು ಹೋಗಿದ್ದರೂ ಲೋಕದಲ್ಲಿ ಬೇರೆ ಪ್ರತಿಗಳಿದ್ದುವು. ಸುಟ್ಟುಹೋದುದಕ್ಕೆ ಎರಡನೆಯ ಪ್ರತಿ ಇರಲಿಲ್ಲ. ಯಾವ ಗದ್ದೆಯನ್ನು ಯಾರು ಉತ್ತರು, ಬರಗಾಲದ ವರ್ಷದಲ್ಲಿ ಎಷ್ಟು ಮುಡಿಯನ್ನು ಬಿಟ್ಟುಕೊಟ್ಟೆವು, ಎಷ್ಟನ್ನು ಬಿಡದೆ ಕಸಿದುಕೊಂಡೆವು ಎಂಬುದೆಲ್ಲ ಅದರಲ್ಲಿತ್ತು. ನಮ್ಮ ಮನೆತನದ ನ್ಯಾಯಾನ್ಯಾಯಗಳೆರಡಕ್ಕೂ ಸಾಕ್ಷಿಯನ್ನು ಹೇಳಬಲ್ಲ ಏಕೈಕ ಪ್ರಮಾಣವನ್ನು ನಾವು ನೀರು ಕಾಯಿಸಿ ಮುಗಿಸಿದೆವು. ಪ್ರಮಾಣವೆಂದರೇನೆಂದು ವರ್ಷಗಟ್ಟಲೆ ಪಾಠ ಹೇಳಿದವರು ನಾವು!

ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ತಮ್ಮ ಮನೆಯ ಅಟ್ಟದಲ್ಲಿರುವ ಪೆಟ್ಟಿಗೆಯನ್ನು ಓದಬಲ್ಲವರು ನೋಡುವ ಮೊದಲು ಬರಿದುಮಾಡಬಾರದು. ಕಾಗದಗಳಿಗೆ ಅಂಟನ್ನಾಗಲಿ ಪ್ಲಾಸ್ಟಿಕ್ ಹೊದಿಕೆಯನ್ನಾಗಲಿ ಹಚ್ಚದೆ, ತೇವವಿಲ್ಲದ ಎಡೆಯಲ್ಲಿ ಇಡಬೇಕು. ಯಾವ ಕಟ್ಟಿನಲ್ಲಿ ಯಾವುದಿತ್ತೋ ಆ ಕ್ರಮವನ್ನು ಕೆಡಿಸಬಾರದು. ವಿದ್ಯಾರ್ಥಿಯೊಬ್ಬನು ಕೇಳಿಕೊಂಡು ಬಂದರೆ ಮೂಲವನ್ನು ಮನೆಯಲ್ಲಿಯೇ ಉಳಿಸಿಕೊಂಡು ಛಾಯಾಚಿತ್ರ ತೆಗೆಯಲು ಬಿಡಬಹುದು. ಹಿರಿಯರು ಪಾಡ್ದನವನ್ನೋ ಹಳೆಯ ಮಾತನ್ನೋ ಹೇಳುವಾಗ, ಹೇಳಿದವರ ಹೆಸರನ್ನೂ ದಿನವನ್ನೂ ಕೂಡಿಸಿ ಧ್ವನಿಮುದ್ರಿಸಿಕೊಳ್ಳಬೇಕು.

ಜೀವನೋಪಾಯದ ಪ್ರಶ್ನೆಯನ್ನು ಮರೆಸುವವರು ನಾವಲ್ಲ. ವೈದ್ಯನಿಗೂ ಎಂಜಿನಿಯರನಿಗೂ ದೊರೆಯುವ ಸಂಪಾದನೆಯು ಈ ವಿದ್ಯೆಯಿಂದ ಅಷ್ಟು ಬೇಗ ದೊರೆಯದು. ಕಾಲೇಜಿನ ಅಧ್ಯಾಪಕತ್ವಕ್ಕೆ ಎಂ.ಎ. ಪದವಿಯ ಮೇಲೆ ಅರ್ಹತಾ ಪರೀಕ್ಷೆಯೂ ಆಗಬೇಕು. ಪತ್ರಾಗಾರ, ವಸ್ತುಸಂಗ್ರಹಾಲಯ, ಪುರಾತತ್ತ್ವ ಇಲಾಖೆಗಳಲ್ಲಿ ಸ್ಥಾನಗಳು ಕೆಲವೇ. ಸರಕಾರದ ಉನ್ನತ ಸೇವೆಗಳ ಪರೀಕ್ಷೆಗೆ ಚರಿತ್ರೆಯೂ ಸಮಾಜಶಾಸ್ತ್ರವೂ ಐಚ್ಛಿಕ ವಿಷಯಗಳಾಗಿವೆ. ಆಯಾ ಮನೆಯವರು ತಮ್ಮ ಶಕ್ತಿಯನ್ನು ನೋಡಿ ನಿಶ್ಚಯಿಸತಕ್ಕದ್ದು. ಆದರೆ "ಇದರಲ್ಲಿ ಓದುವುದಕ್ಕೆ ಏನಿದೆ" ಎಂಬ ಕಾರಣದಿಂದ ಮಕ್ಕಳನ್ನು ತಡೆಯಬಾರದು. ಹಳಗನ್ನಡ, ಸಂಸ್ಕೃತ, ತುಳು, ಪಾರಸಿ, ಪೋರ್ತುಗೀಸ್ ಭಾಷೆಗಳಲ್ಲಿ ಎರಡು ಮೂರನ್ನಾದರೂ ಬೇಡುವ ಈ ವಿದ್ಯೆಯು ದಡ್ಡರ ಪಾಲಿನದೆಂದು ತಿಳಿದವರು ಒಂದು ಹಳೆಯ ಚೀಟನ್ನು ಓದಿ ನೋಡಲಿ.

ಹುಡುಗಿಯು ಈಗ ನಗರದ ಒಂದು ಕಾಲೇಜಿನಲ್ಲಿ ಬಿ.ಎ. ತರಗತಿಯಲ್ಲಿದ್ದಾಳೆ. ತಂದೆಯು ಒಪ್ಪಿದುದು ಪೂರ್ಣಮನಸ್ಸಿನಿಂದಲ್ಲ. ಒಂದು ವರ್ಷ ನೋಡೋಣವೆಂದಿದ್ದಾರೆ. ಕಳೆದ ತಿಂಗಳು ಆಕೆಯು ನಮ್ಮಲ್ಲಿಗೆ ಬಂದಾಗ, ತಾಳೆಗರಿಗಳ ಕಟ್ಟಿನೊಳಗೆ ಸಿಕ್ಕಿಕೊಂಡು ಬೆಂಕಿಯಿಂದ ತಪ್ಪಿಸಿಕೊಂಡ ಒಂದೇ ಒಂದು ಮೂಲಗೇಣಿ ಚೀಟನ್ನು ಕೊಟ್ಟೆವು. ಅಕ್ಷರವಕ್ಷರವಾಗಿ ಓದುತ್ತ ಆಕೆ ನಿಂತಳು. ನಮ್ಮ ಮನೆಯಿಂದ ಭೂಮಿಯನ್ನು ಗೇಣಿಗೆ ಪಡೆದವರ ಎಡೆಯಲ್ಲಿ ಒಬ್ಬ ಹೆಂಗಸಿನ ಹೆಸರಿತ್ತು. ತನ್ನ ಕುಟುಂಬದ ಯಜಮಾನ್ತಿಯಾಗಿ ಆಕೆ ಗುರುತು ಹಾಕಿದ್ದಳು. ಆ ಚೀಟು ಅಷ್ಟು ವರ್ಷ ನಮ್ಮ ದೇವರ ಕೋಣೆಯಲ್ಲಿದ್ದರೂ ನಾವು ಆ ಹೆಸರನ್ನು ಓದಿರಲಿಲ್ಲ.

"ಅಜ್ಜಾ, ಈ ಹೆಂಗಸು ಯಾರು? ಆಮೇಲೆ ಎಷ್ಟು ವರ್ಷ ಗೇಣಿ ಕೊಟ್ಟಳು?" ಎಂದು ಆಕೆ ಕೇಳಿದಳು.

ಅದಕ್ಕೆ ಉತ್ತರವಿದ್ದುದು ಲೆಕ್ಕದ ಪುಸ್ತಕದಲ್ಲಿ.