ನಡೆದರೂ ಇಳಿಯದ ತೂಕ: ಸುಳ್ಳು ಹೇಳ್ತಿರೋದು ಯಾರು?

ಬೆಳಗ್ಗೆ ಆರು ಗಂಟೆಗೆ ಲಾಲ್‌ಬಾಗಿಗೆ ಹೋಗಿ ನೋಡಿ. ಮಂಕಿ ಕ್ಯಾಪ್ ಹಾಕಿಕೊಂಡವರು, ಸೀರೆ ಉಟ್ಟು ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡವರು, ಫೋನಿನಲ್ಲಿ ಸುಪ್ರಭಾತ ಹಚ್ಚಿಕೊಂಡವರು, ಎಲ್ಲರೂ ಕೈ ಬೀಸಿಕೊಂಡು ನಡೀತಾ ಇರ್ತಾರೆ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೂ ಇದೇ ದೃಶ್ಯ, ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯಲ್ಲೂ ಇದೇ. ಇವರಲ್ಲಿ ವರ್ಷಗಟ್ಟಲೆಯಿಂದ ಒಂದು ದಿನವೂ ತಪ್ಪಿಸದವರಿದ್ದಾರೆ. ಅವರನ್ನೇ ನಿಲ್ಲಿಸಿ, "ತೂಕ ಎಷ್ಟು ಇಳೀತು ಸಾರ್?" ಅಂತ ಕೇಳಿ. ಬಹಳ ಜನ ಮಾತು ಬದಲಾಯಿಸುತ್ತಾರೆ.

ಆರೋಗ್ಯದ ಫೋನ್-ಇನ್ ಕಾರ್ಯಕ್ರಮ ಯಾವಾಗ ಮಾಡಿದರೂ ಈ ಒಂದು ಕರೆ ತಪ್ಪಲ್ಲ. "ರಾತ್ರಿ ಅನ್ನ ಬಿಟ್ಟಿದ್ದೀನಿ, ಸಕ್ಕರೆ ಬಿಟ್ಟಿದ್ದೀನಿ, ದಿನಾ ಒಂದು ಗಂಟೆ ವಾಕ್ ಮಾಡ್ತೀನಿ, ಮೂರು ತಿಂಗಳಾಯ್ತು, ಮುಳ್ಳು ಅಲ್ಲಾಡ್ತಿಲ್ಲ." ಇಂಥವರಿಗೆ ನಮ್ಮ ಸಮಾಜ ಕೊಡೋ ಉತ್ತರ ಎರಡೇ. ಒಂದು, "ಕದ್ದು ತಿಂತಿರಬೇಕು." ಇನ್ನೊಂದು, "ಥೈರಾಯ್ಡ್ ಇರಬೇಕು ನೋಡಿ." ಮೂರನೇ ಉತ್ತರ ಕೊಡೋಕೆ ಮಧ್ಯರಾತ್ರಿ ಟಿವಿಯಲ್ಲಿ ಬೆಲ್ಟ್ ಮಾರುವವರು, ಪುಡಿ ಮಾರುವವರು ಕಾದು ಕೂತಿರ್ತಾರೆ. ಈ ಮೂವರ ಮಧ್ಯೆ ಸಿಕ್ಕಿಕೊಂಡವರು ನಾಲ್ಕನೇ ತಿಂಗಳಿಗೆ ಶೂ ತೆಗೆದು ಮೂಲೆಗೆ ಇಡ್ತಾರೆ. ನನಗೆ ಚಿಂತೆ ಇರೋದು ಆ ಶೂ ಬಗ್ಗೆ.

ಮೊದಲು ಲೆಕ್ಕ ನೋಡೋಣ. 70 ಕೆಜಿ ತೂಕದ ಒಬ್ಬರು ಒಂದು ಗಂಟೆಯಲ್ಲಿ 5 ಕಿಲೋಮೀಟರ್ ನಡೆದರು ಅಂದುಕೊಳ್ಳಿ. ಖರ್ಚಾಗುವುದು ಸುಮಾರು 250 ಕ್ಯಾಲೊರಿ. ಅದರಲ್ಲೂ ಸುಮಾರು 70 ಕ್ಯಾಲೊರಿ ಮನೆಯಲ್ಲಿ ಪೇಪರ್ ಓದುತ್ತಾ ಕೂತಿದ್ದರೂ ಖರ್ಚಾಗುತ್ತಿತ್ತು, ಯಾಕಂದ್ರೆ ಹೃದಯ, ಮೆದುಳು, ಲಿವರ್ ಸುಮ್ಮನೆ ಕೂರುವುದಿಲ್ಲ. ಹಾಗಾಗಿ ನಡೆದದ್ದಕ್ಕೆ ಸಿಕ್ಕ ನಿಜವಾದ ಲಾಭ 180ರ ಆಸುಪಾಸು. ಒಂದು ಕೆಜಿ ಕೊಬ್ಬಿನಲ್ಲಿ ಸರಿಸುಮಾರು 7,700 ಕ್ಯಾಲೊರಿ ಇರುತ್ತದೆ. ಭಾಗಿಸಿ ನೋಡಿ. ಒಂದೇ ಒಂದು ಕೆಜಿ ಇಳಿಸಲು ಒಂದೂವರೆ ತಿಂಗಳು, ಅದೂ ಊಟದಲ್ಲಿ ಒಂದು ತುತ್ತೂ ಜಾಸ್ತಿ ಆಗದಿದ್ದರೆ! ವಾಕಿಂಗ್ ಮುಗಿಸಿ ದರ್ಶಿನಿಗೆ ಹೋಗಿ ಒಂದು ಮಸಾಲೆ ದೋಸೆ, ಅರ್ಧ ಕಾಫಿ ಆಯ್ತು ಅಂದ್ರೆ ಆ ದಿನದ ಲೆಕ್ಕ ಅಲ್ಲೇ ಮುಗೀತು. ದೋಸೆಯ ಮೇಲೆ ನನಗೇನೂ ಸಿಟ್ಟಿಲ್ಲ. ನಡಿಗೆಯ ಕೈಲಿ ಆಗದ ಕೆಲಸವನ್ನು ನಡಿಗೆಗೆ ಹೊರಿಸುತ್ತಿದ್ದೀವಿ, ಅಷ್ಟೆ.

ಹಾಗಾದ್ರೆ ಜಾಸ್ತಿ ನಡೆದರೆ? ಆಫ್ರಿಕಾದ ತಾಂಜಾನಿಯಾದಲ್ಲಿ ಹಾಡ್ಜಾ ಅನ್ನೋ ಜನ ಇದ್ದಾರೆ. ಬೇಟೆಯಾಡಿ, ಗೆಡ್ಡೆ ಗೆಣಸು ಅಗೆದು, ಜೇನು ಕಿತ್ತು ಬದುಕುವವರು. ಅವರ ಗಂಡಸರು ದಿನಕ್ಕೆ ಸುಮಾರು 11 ಕಿಲೋಮೀಟರ್, ಹೆಂಗಸರು ಸುಮಾರು 6 ಕಿಲೋಮೀಟರ್ ನಡೆಯುತ್ತಾರೆ. ಹರ್ಮನ್ ಪಾಂಟ್ಸರ್ ಅನ್ನೋ ವಿಜ್ಞಾನಿ ಅವರ ದೇಹ ದಿನಕ್ಕೆ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಅಂತ ಅಳೆದು 2012ರಲ್ಲಿ ಪ್ರಕಟಿಸಿದರು. ಮೈಗಾತ್ರ ಲೆಕ್ಕಕ್ಕೆ ತಗೊಂಡು ಹೋಲಿಸಿದರೆ, ದಿನವಿಡೀ ಕುರ್ಚಿಯಲ್ಲಿ ಕೂರುವ ಅಮೆರಿಕದವರಿಗೂ ಇವರಿಗೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ! ದೇಹ ಒಂದು ಕಡೆ ಖರ್ಚು ಜಾಸ್ತಿಯಾದರೆ ಇನ್ನೊಂದು ಕಡೆ ಕೈ ಬಿಗಿ ಮಾಡುತ್ತದೆ ಅನ್ನೋದು ಪಾಂಟ್ಸರ್ ಅವರ ವಾದ. ತಿಂಗಳ ಕೊನೆಯಲ್ಲಿ ನಮ್ಮ ಮನೆಗಳಲ್ಲಿ ಮಾಡಲ್ವಾ, ಹಾಗೇ.

ಊಟ ಕಡಿಮೆ ಮಾಡಿದಾಗ ಈ ಬಿಗಿತ ಇನ್ನೂ ಜೋರಾಗುತ್ತದೆ. ಇದಕ್ಕೆ ಒಳ್ಳೆಯ ಸಾಕ್ಷಿ ನಮ್ಮ ಟಿವಿ ಲೋಕದಿಂದಲೇ ಬಂದಿದೆ. ಅಮೆರಿಕದಲ್ಲಿ 'ದಿ ಬಿಗ್ಗೆಸ್ಟ್ ಲೂಸರ್' ಅಂತ ಒಂದು ರಿಯಾಲಿಟಿ ಶೋ ಬರ್ತಿತ್ತು. ದಪ್ಪ ಇರೋರನ್ನು ಕರೆತಂದು, ದಿನಕ್ಕೆ ಗಂಟೆಗಟ್ಟಲೆ ಬೆವರಿಳಿಸಿ, ಊಟ ಕಟ್ಟುನಿಟ್ಟು ಮಾಡಿ, ವಾರಕ್ಕೊಮ್ಮೆ ಎಲ್ಲರೆದುರು ದೊಡ್ಡ ಯಂತ್ರದ ಮೇಲೆ ನಿಲ್ಲಿಸಿ ತೂಕ ನೋಡೋದು. ಇಳಿದರೆ ಚಪ್ಪಾಳೆ. ಆ ಚಪ್ಪಾಳೆ ಮುಗಿದ ಮೇಲೆ ಏನಾಯ್ತು ಅಂತ ಕೆವಿನ್ ಹಾಲ್ ಅನ್ನೋ ಸಂಶೋಧಕರು 14 ಸ್ಪರ್ಧಿಗಳನ್ನು ಆರು ವರ್ಷದ ನಂತರ ಮತ್ತೆ ಪರೀಕ್ಷೆ ಮಾಡಿದರು. 2016ರಲ್ಲಿ ವರದಿ ಬಂತು. 30 ವಾರದ ಸ್ಪರ್ಧೆಯಲ್ಲಿ ಸರಾಸರಿ 58 ಕೆಜಿ ಇಳಿಸಿದ್ದವರು, ಸರಾಸರಿ 41 ಕೆಜಿ ವಾಪಸ್ ಗಳಿಸಿದ್ದರು. ಹದಿನಾಲ್ಕರಲ್ಲಿ ಹದಿಮೂರು ಜನರ ತೂಕ ಮತ್ತೆ ಏರಿತ್ತು.

ಇವರೆಲ್ಲ ಸೋಮಾರಿಗಳಾ? ಅಲ್ಲ ರೀ. ಇವರ ದೇಹ ಸುಮ್ಮನೆ ಮಲಗಿದ್ದಾಗ ಎಷ್ಟು ಕ್ಯಾಲೊರಿ ಖರ್ಚು ಮಾಡುತ್ತೆ ಅಂತ ಅಳೆದರೆ, ಅಷ್ಟೇ ಗಾತ್ರದ ಬೇರೆಯವರಿಗಿಂತ ದಿನಕ್ಕೆ ಸುಮಾರು 500 ಕಡಿಮೆ! ಆರು ವರ್ಷ ಆದಮೇಲೂ! ಅಂದರೆ ಪಕ್ಕದ ಮನೆಯವರಷ್ಟೇ ಉಂಡರೂ ಇವರು ದಪ್ಪ ಆಗ್ತಾರೆ. ದೇಹ ಇವರ ಡಯಟನ್ನು ಡಯಟ್ ಅಂತ ತಿಳಿದಿಲ್ಲ, ಬರಗಾಲ ಅಂತ ತಿಳಿದಿದೆ.

ನಿಜವಾದ ಹಸಿವಿನ ಪ್ರಯೋಗವೂ ಆಗಿದೆ. ಎರಡನೇ ಮಹಾಯುದ್ಧದ ಕೊನೆಗಾಲ, 1944-45. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನೋರು, ಯುದ್ಧಕ್ಕೆ ಹೋಗಲ್ಲ ಅಂದಿದ್ದ 36 ಯುವಕರನ್ನು ಅವರ ಒಪ್ಪಿಗೆಯ ಮೇಲೆ 24 ವಾರ ಅರೆಹೊಟ್ಟೆಯಲ್ಲಿ ಇಟ್ಟರು. ತೂಕ ಕಾಲು ಭಾಗದಷ್ಟು ಇಳಿಯಿತು. ಜೊತೆಗೆ ದೇಹ ಮಾಡುವ ಖರ್ಚೂ ಸುಮಾರು ನೂರಕ್ಕೆ 40ರಷ್ಟು ಕುಸಿಯಿತು. ಆ ಹುಡುಗರು ಊಟದ ಬಗ್ಗೆ ಬಿಟ್ಟರೆ ಬೇರೆ ಮಾತಾಡುತ್ತಿರಲಿಲ್ಲ, ಅಡುಗೆ ಪುಸ್ತಕ ಓದ್ತಾ ಕೂರ್ತಿದ್ದರು. ಡಯಟ್ ಮಾಡ್ತಾ ರಾತ್ರಿ ಹನ್ನೊಂದಕ್ಕೆ ಯೂಟ್ಯೂಬಿನಲ್ಲಿ ಬಿರಿಯಾನಿ ವಿಡಿಯೋ ನೋಡೋರಿಗೆ ಇದು ಅರ್ಥ ಆಗುತ್ತೆ.

ಇದರ ಹಿಂದೆ ಇರುವುದು ಹಾರ್ಮೋನು. ಮೈಯಲ್ಲಿನ ಕೊಬ್ಬೇ ಲೆಪ್ಟಿನ್ ಅನ್ನೋ ಹಾರ್ಮೋನು ಕಳಿಸಿ 'ಸಾಕಷ್ಟು ದಾಸ್ತಾನು ಇದೆ' ಅಂತ ಮೆದುಳಿಗೆ ತಿಳಿಸುತ್ತಿರುತ್ತದೆ. 1994ರಲ್ಲಿ ಇದು ಪತ್ತೆಯಾಯಿತು. ಕೊಬ್ಬು ಕರಗಿದರೆ ಲೆಪ್ಟಿನ್ ಇಳಿಯುತ್ತದೆ, ಹೊಟ್ಟೆಯಿಂದ ಹಸಿವು ಹುಟ್ಟಿಸುವ ಗ್ರೆಲಿನ್ ಏರುತ್ತದೆ. ಮೆಲ್ಬರ್ನ್‌ನ ವೈದ್ಯರು 50 ಜನರಿಗೆ 10 ವಾರ ಕಟ್ಟುನಿಟ್ಟಿನ ಡಯಟ್ ಮಾಡಿಸಿ, ವರ್ಷ ಬಿಟ್ಟು ರಕ್ತ ಪರೀಕ್ಷೆ ಮಾಡಿದರು. ವರ್ಷ ಕಳೆದರೂ ಹಸಿವಿನ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ, 'ತಿನ್ನು ತಿನ್ನು' ಅಂತಲೇ ಹೇಳುತ್ತಿದ್ದವು. 2011ರ ವರದಿ ಇದು. ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಂತ ಉಪದೇಶ ಮಾಡೋರು ಇದನ್ನೊಮ್ಮೆ ಓದಬೇಕು.

ಹಾಗಂತ ತಪ್ಪೆಲ್ಲ ಹಾರ್ಮೋನಿನ ತಲೆಗೆ ಕಟ್ಟಿ ಆರಾಮಾಗಿ ಕೂರೋಕೂ ಆಗಲ್ಲ. ನ್ಯೂಯಾರ್ಕಿನಲ್ಲಿ 1992ರಲ್ಲಿ, 'ಎಷ್ಟು ಕಡಿಮೆ ತಿಂದರೂ ಇಳಿಯಲ್ಲ' ಅನ್ನೋರನ್ನೇ ಹುಡುಕಿ ಪರೀಕ್ಷೆ ಮಾಡಿದರು. ಅವರು ಬರೆದುಕೊಟ್ಟ ಊಟದ ಲೆಕ್ಕ ನಿಜಕ್ಕಿಂತ ನೂರಕ್ಕೆ 47ರಷ್ಟು ಕಡಿಮೆ ಇತ್ತು, ವ್ಯಾಯಾಮದ ಲೆಕ್ಕ ನೂರಕ್ಕೆ 51ರಷ್ಟು ಜಾಸ್ತಿ ಇತ್ತು. ಅವರು ಸುಳ್ಳು ಹೇಳ್ತಿದ್ದಾರೆ ಅಂತ ನಾನು ಹೇಳಲ್ಲ. ತಟ್ಟೆಯಲ್ಲಿ ಬಿದ್ದದ್ದು ಮಾತ್ರ ಊಟ ಅಂತ ನಾವೆಲ್ಲ ಅಂದುಕೊಳ್ತೀವಿ. ಉಪ್ಪು ನೋಡೋಕೆ ಬಾಯಿಗೆ ಹಾಕಿಕೊಂಡದ್ದು, ಮಗು ಬಿಟ್ಟ ಅರ್ಧ ಚಪಾತಿ, ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕು, ದೇವಸ್ಥಾನದ ಪೊಂಗಲ್ ಯಾರ ಲೆಕ್ಕದಲ್ಲಿ ಬರುತ್ತೆ? ಒಗ್ಗರಣೆಗೆ ಬಗ್ಗಿಸುವ ಒಂದು ದೊಡ್ಡ ಚಮಚ ಎಣ್ಣೆಯಲ್ಲೇ 120 ಕ್ಯಾಲೊರಿ ಇದೆ. ಪಲ್ಯ, ಸಾರು, ಚಟ್ನಿ ಅಂತ ಮೂರು ಒಗ್ಗರಣೆ ಬಿದ್ದರೆ?

ನಮ್ಮ ಕಡೆಯ ದೊಡ್ಡ ನಂಬಿಕೆ, ರಾತ್ರಿ ಅನ್ನ ಬಿಟ್ಟು ಚಪಾತಿ ತಿಂದರೆ ತೂಕ ಇಳಿಯುತ್ತೆ ಅನ್ನೋದು. ನೂರು ಗ್ರಾಂ ಅಕ್ಕಿ, ನೂರು ಗ್ರಾಂ ಗೋಧಿಹಿಟ್ಟು, ನೂರು ಗ್ರಾಂ ರಾಗಿಹಿಟ್ಟು, ಮೂರರಲ್ಲೂ ಇರೋದು 320ರಿಂದ 350 ಕ್ಯಾಲೊರಿ. ಗೋಧಿ, ರಾಗಿಯಲ್ಲಿ ನಾರು ಜಾಸ್ತಿ, ಅದು ಒಳ್ಳೆಯದೇ. ಆದರೆ ಎಣ್ಣೆ ಸವರಿದ ನಾಲ್ಕು ಚಪಾತಿ ತಿಂದು, 'ಅನ್ನ ಬಿಟ್ಟಿದ್ದೀನಿ' ಅಂದ್ರೆ ದೇಹ ಅದನ್ನು ಡಯಟ್ ಅಂತ ಒಪ್ಪಲ್ಲ. ಮುದ್ದೆಯೂ ಅಷ್ಟೆ, ಗಾತ್ರ ನೋಡಬೇಕು. ಇನ್ನು ಬಿಸಿನೀರಿಗೆ ಜೇನು ಹಾಕಿ ಕುಡಿದರೆ ಕೊಬ್ಬು ಕರಗುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ. ಜೇನೂ ಸಕ್ಕರೆಯೇ.

ಮೊದಲ ವಾರ ಎರಡು ಮೂರು ಕೆಜಿ ಇಳೀತು ಅಂತ ಕುಣಿಯೋರೂ ಇದ್ದಾರೆ. ಅದರಲ್ಲಿ ಬಹುಪಾಲು ನೀರು. ದೇಹ ಕೂಡಿಟ್ಟ ಗ್ಲೈಕೋಜನ್ ಖಾಲಿಯಾದಾಗ ಅದು ಹಿಡಿದಿಟ್ಟಿದ್ದ ನೀರೂ ಹೋಗುತ್ತೆ. ಪುಡಿ ಮಾರೋರು 'ಏಳೇ ದಿನದಲ್ಲಿ' ಅಂತ ಜಾಹೀರಾತು ಕೊಡೋದು ಈ ನೀರನ್ನು ನಂಬಿಕೊಂಡೇ.

ಥೈರಾಯ್ಡ್ ವಿಷಯ. ಸುಸ್ತು, ಚಳಿ, ಮಲಬದ್ಧತೆ ಇದ್ದರೆ ಖಂಡಿತ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಆದರೆ ಥೈರಾಯ್ಡ್ ಕಡಿಮೆಯಾದಾಗ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕೆಜಿ, ಇಪ್ಪತ್ತು ಮೂವತ್ತು ಕೆಜಿ ಅಲ್ಲ. ಮುಟ್ಟು ಏರುಪೇರಾಗೋ ಹೆಣ್ಣುಮಕ್ಕಳು ಪಿಸಿಒಡಿ ಇದೆಯಾ ಅಂತ ತೋರಿಸಬೇಕು. ಸ್ಟೀರಾಯ್ಡ್, ಇನ್ಸುಲಿನ್, ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳಿಂದಲೂ ತೂಕ ಏರುತ್ತೆ. ವೈದ್ಯರನ್ನು ಕೇಳಿ, ನೀವೇ ಮಾತ್ರೆ ನಿಲ್ಲಿಸಬೇಡಿ. 2025ರಲ್ಲಿ ನಮ್ಮ ದೇಶಕ್ಕೂ ಬಂದ ತೂಕ ಇಳಿಸುವ ಇಂಜೆಕ್ಷನ್‌ಗಳು ಹಸಿವಿನ ಹಾರ್ಮೋನಿನ ದಾರಿಯಲ್ಲೇ ಕೆಲಸ ಮಾಡುತ್ತವೆ, ತೂಕ ಇಳಿಯುವುದೂ ನಿಜ. ಆದರೆ ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ, ಒಂದೇ ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ವಾಪಸ್ ಬಂದದ್ದು ಅಧ್ಯಯನದಲ್ಲೇ ದಾಖಲಾಗಿದೆ. ಮದುವೆಗೆ ಮುಂಚೆ ಮೂರು ತಿಂಗಳು ತಗೊಂಡು ಬಿಡ್ತೀನಿ ಅನ್ನೋ ವಸ್ತು ಅಲ್ಲ ಅದು.

ಈಗ ಮೂಲೆಗೆ ಬಿದ್ದ ಶೂ ವಿಷಯಕ್ಕೆ ಬರ್ತೀನಿ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಅವರ ತಂಡ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ನಾಲ್ಕು ಗುಂಪು ಮಾಡಿ ಅಧ್ಯಯನ ನಡೆಸಿತು. 2006ರಲ್ಲಿ ಫಲಿತಾಂಶ ಬಂತು. ಒಂದು ಗುಂಪಿಗೆ ವಿಶೇಷವಾಗಿ ಏನೂ ಮಾಡಿಸಲಿಲ್ಲ. ಇನ್ನೊಂದು ಗುಂಪಿಗೆ ದಿನಾ ಅರ್ಧ ಗಂಟೆ ಚುರುಕು ನಡಿಗೆ, ಊಟದಲ್ಲಿ ಸಕ್ಕರೆ, ಎಣ್ಣೆ ಕಡಿಮೆ. ಉಳಿದವರಿಗೆ ಮಾತ್ರೆ, ಅಥವಾ ಮಾತ್ರೆಯ ಜೊತೆ ಇದೇ ನಡಿಗೆ. ಮೂರು ವರ್ಷದಲ್ಲಿ ಮೊದಲ ಗುಂಪಿನ ನೂರಕ್ಕೆ 55 ಜನರಿಗೆ ಸಕ್ಕರೆ ಕಾಯಿಲೆ ಬಂತು. ನಡೆದವರಲ್ಲಿ ನೂರಕ್ಕೆ 39. ಈಗ ಕೇಳಿ, ನಡೆದವರ ತೂಕ ಎಷ್ಟು ಇಳಿದಿತ್ತು? ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ!

ಇದು ನಡೆದದ್ದು ಸ್ವಿಟ್ಜರ್ಲೆಂಡಿನಲ್ಲಿ ಅಲ್ಲ, ನಮ್ಮ ಪಕ್ಕದ ಚೆನ್ನೈನಲ್ಲಿ, ನಮ್ಮಂತೆಯೇ ಇಡ್ಲಿ ಸಾಂಬಾರ್ ತಿನ್ನೋ ಜನರ ಮೇಲೆ. ತೂಕದ ಯಂತ್ರ 'ಏನೂ ಆಗಿಲ್ಲ' ಅಂತಿದ್ದಾಗ ಮೈಯೊಳಗೆ ಇನ್ಸುಲಿನ್ ಕೆಲಸ ಸುಧಾರಿಸುತ್ತಿತ್ತು. ಮುಳ್ಳು ಅಲ್ಲಾಡಲಿಲ್ಲ ಅಂತ ಅವರೇನಾದರೂ ನಾಲ್ಕನೇ ತಿಂಗಳಿಗೆ ನಡಿಗೆ ಬಿಟ್ಟಿದ್ದರೆ?

ಯಂತ್ರ ನಮ್ಮ ವಿಷಯದಲ್ಲಿ ಇನ್ನೊಂದು ಸುಳ್ಳನ್ನೂ ಹೇಳುತ್ತೆ. 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೋ ಬಂತು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ಡಾ. ಜಾನ್ ಯುಡ್ಕಿನ್. ಎತ್ತರ-ತೂಕದ ಲೆಕ್ಕದ ಬಿಎಂಐ ಇಬ್ಬರದೂ 22.3. ಆದರೆ ಮೈಯಲ್ಲಿನ ಕೊಬ್ಬು ಯುಡ್ಕಿನ್ ಅವರಲ್ಲಿ ನೂರಕ್ಕೆ 9.1, ನಮ್ಮ ಯಾಜ್ಞಿಕ್ ಅವರಲ್ಲಿ 21.2! ಭಾರತೀಯರ ಮೈ ತೆಳ್ಳಗೆ ಕಂಡರೂ ಒಳಗೆ, ಅದರಲ್ಲೂ ಹೊಟ್ಟೆಯ ಸುತ್ತ, ಕೊಬ್ಬು ಇರುತ್ತೆ. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ 39.5 ಜನರಿಗೆ ಹೊಟ್ಟೆಯ ಬೊಜ್ಜಿದೆ.

ಹಾಗಾಗಿ ತೂಕದ ಯಂತ್ರದ ಜೊತೆಗೆ ಹೊಲಿಗೆಯವರ ಟೇಪ್ ಒಂದು ಇಟ್ಟುಕೊಳ್ಳಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ತಿಂಗಳಿಗೊಮ್ಮೆ ಅಳೆದರೆ ಸಾಕು. ಆರು ತಿಂಗಳಿಗೊಮ್ಮೆ ಸಕ್ಕರೆ, ಬಿಪಿ ನೋಡಿಸಿ. ನಡಿಗೆಯ ಜೊತೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೂ ಕೆಲಸ ಕೊಡಿ. ಬಸ್ಕಿ ಹೊಡೆಯಿರಿ, ಗೋಡೆಗೆ ಕೈಕೊಟ್ಟು ದಂಡ ಹೊಡೆಯಿರಿ, ಜಿಮ್ಮಿಗೇ ಹೋಗಬೇಕು ಅಂತೇನಿಲ್ಲ. ತಟ್ಟೆಯಲ್ಲಿ ಬೇಳೆ, ಕಾಳು, ಮೊಸರು ಅಥವಾ ಮೊಟ್ಟೆ ಇರಲಿ, ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗಿ ಹೋಗುತ್ತೆ.

ಟೇಪನ್ನು ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಗೂ ನಡುವೆ ಸುತ್ತಿ, ಉಸಿರು ಬಿಟ್ಟ ಮೇಲೆ ಅಳತೆ ನೋಡಬೇಕು. ಹೊಟ್ಟೆ ಒಳಗೆ ಎಳ್ಕೋಬೇಡಿ, ಅಲ್ಲಿ ಫೋಟೋ ಯಾರೂ ತೆಗೀತಿಲ್ಲ.