ದೂರವಾಣಿಯ ಹತ್ತು ಗುಂಡಿಗಳು

ನಮ್ಮ ದೂರವಾಣಿಯನ್ನೂ ಕ್ಯಾಲ್ಕುಲೇಟರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ. ಮೊದಲನೆಯದರಲ್ಲಿ ೧, ೨, ೩ ಎಂಬ ಅಂಕಿಗಳು ಮೇಲಿನ ಸಾಲಿನಲ್ಲಿವೆ. ಎರಡನೆಯದರಲ್ಲಿ ಅವೇ ಅಂಕಿಗಳು ಕೆಳಗಿವೆ. ಇವುಗಳಲ್ಲಿ ದೂರವಾಣಿಯ ಜೋಡಣೆಯ ಹಿಂದೆ ಸ್ವಾರಸ್ಯವಾದ ಪ್ರಯೋಗಗಳ ಕಥೆಯುಂಟು.

ಹಿಂದೆ ದೂರವಾಣಿಗೆ ಬೆರಳಿಟ್ಟು ತಿರುಗಿಸುವ ಡಯಲ್ ಇತ್ತು. ಅದರ ಬದಲು ಒತ್ತುಗುಂಡಿಗಳನ್ನು ತರಲು ಅಮೆರಿಕದ ಬೆಲ್ ಪ್ರಯೋಗಶಾಲೆಯವರು ಯೋಚಿಸಿದಾಗ, ಹತ್ತು ಗುಂಡಿಗಳನ್ನು ಯಾವ ಕ್ರಮದಲ್ಲಿಡಬೇಕೆಂಬ ಪ್ರಶ್ನೆ ಎದುರಾಯಿತು. ವಿದ್ಯುನ್ಮಂಡಲಕ್ಕೆ ಕ್ರಮದ ಹಂಗಿಲ್ಲ. ಯಾವ ಗುಂಡಿ ಎಲ್ಲಿದ್ದರೂ ಅದು ಕೆಲಸ ಮಾಡುತ್ತದೆ. ಉತ್ತರ ಹೇಳಬೇಕಾದವನು ಬಳಸುವ ಮನುಷ್ಯ. ಅವನನ್ನು ಯಾವಾಗ ಕೇಳಬೇಕು? ಲಕ್ಷಾಂತರ ಉಪಕರಣಗಳು ಮನೆಮನೆಯನ್ನು ಸೇರಿ, ಜನರ ಬೆರಳಿಗೆ ರೂಢಿಯಾದ ಮೇಲೆ ತಪ್ಪನ್ನು ತಿದ್ದುವುದು ದುಸ್ಸಾಧ್ಯ. ಆದುದರಿಂದ ವಸ್ತು ಇನ್ನೂ ಕಲ್ಪನೆಯಾಗಿರುವಾಗಲೇ ಕೇಳತಕ್ಕದ್ದು.

ಕೇಳುವ ಬಗೆ ಎರಡು. ಮೊದಲನೆಯದು, ಜನರ ನಿರೀಕ್ಷೆಯನ್ನು ತಿಳಿಯುವುದು. ೧೯೫೫ರಲ್ಲಿ ಲಟ್ಸ್ ಮತ್ತು ಚಪಾನಿಸ್ ಎಂಬ ಸಂಶೋಧಕರು ಅಂಕಿಗಳಿಲ್ಲದ ಗುಂಡಿಗಳ ಚಿತ್ರಗಳನ್ನು ಜನರಿಗೆ ಕೊಟ್ಟು, ಯಾವ ಅಂಕಿ ಎಲ್ಲಿರಬೇಕೆಂದು ತೋರುವುದೋ ಅಲ್ಲಿ ಬರೆಯಲು ಹೇಳಿದರು. ಮೂರು ಮೂರು ಗುಂಡಿಗಳ ಸಾಲುಗಳಿದ್ದಲ್ಲಿ ಬಹುಮಂದಿ, ಪುಟವನ್ನು ಓದುವಂತೆಯೇ, ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಅಂಕಿಗಳನ್ನು ತುಂಬಿದರು. ಯಂತ್ರವಿಲ್ಲದೆ, ಬರಿಯ ಕಾಗದದಿಂದ ದೊರೆತ ಉತ್ತರವಿದು!

ಎರಡನೆಯದು, ಕೈಯ ಕೆಲಸವನ್ನು ಅಳೆಯುವುದು. ಬೆಲ್ ಪ್ರಯೋಗಶಾಲೆಯ ಡೈನಿಂಜರ್ ೧೯೬೦ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹದಿನಾರು ಜೋಡಣೆಗಳ ಪರೀಕ್ಷೆಯ ವಿವರವಿದೆ. ಪರೀಕ್ಷೆಗೆ ಬಂದವರು ಗುಂಡಿಗಳನ್ನು ಒತ್ತುತ್ತಿದ್ದಾಗ ತಗುಲಿದ ಕಾಲವನ್ನೂ ಆದ ತಪ್ಪುಗಳನ್ನೂ ಲೆಕ್ಕವಿಡಲಾಯಿತು. ಯಾವುದು ಮೆಚ್ಚಿಕೆಯಾಯಿತೆಂದೂ ಕೇಳಲಾಯಿತು. ಮೆಚ್ಚಿಕೆಯನ್ನು ಕೇಳಿದರೆ ಸಾಲದೆ? ಸಾಲದು. ಹೊಸ ವಸ್ತುವನ್ನು ತೋರಿಸಿದವರ ಮನಸ್ಸನ್ನು ನೋಯಿಸಬಾರದೆಂದು ನಾವೆಲ್ಲರೂ "ಚೆನ್ನಾಗಿದೆ" ಎನ್ನುವುದುಂಟು. ಗಡಿಯಾರಕ್ಕೆ ಆ ದಾಕ್ಷಿಣ್ಯವಿಲ್ಲ. ಆದರೆ ಗಡಿಯಾರಕ್ಕೆ ಮನುಷ್ಯನ ಬೇಸರವೂ ತಿಳಿಯದು. ಆದ್ದರಿಂದ ಎರಡೂ ಬೇಕು.

ಫಲವೇನು? ಹಲವು ಜೋಡಣೆಗಳ ನಡುವೆ ಹೆಚ್ಚಿನ ಅಂತರ ಕಾಣಲಿಲ್ಲ. ಇದೂ ಅಮೂಲ್ಯವಾದ ಉತ್ತರವೇ. ಬಳಸುವವನಿಗೆ ತೊಂದರೆಯಿಲ್ಲವೆಂದು ತಿಳಿದ ಮೇಲೆ, ಅಂಥವುಗಳಲ್ಲಿ ತಯಾರಿಕೆಗೆ ಅನುಕೂಲವಾದುದನ್ನು ಯಂತ್ರಜ್ಞರು ನಿಶ್ಚಿಂತೆಯಿಂದ ಆರಿಸಬಹುದಷ್ಟೆ. ಹೀಗೆ, ಮೂರು ಮೂರು ಗುಂಡಿಗಳ ಮೂರು ಸಾಲು, ಕೆಳಗೊಂದು ಸೊನ್ನೆ ಎಂಬ ಜೋಡಣೆ ನಿಂತಿತು. ೧೯೬೩ರ ನವೆಂಬರ್ ೧೮ರಂದು ಪೆನ್ಸಿಲ್ವೇನಿಯದ ಕಾರ್ನೆಗಿ ಮತ್ತು ಗ್ರೀನ್ಸ್‌ಬರ್ಗ್ ಎಂಬ ಊರುಗಳಲ್ಲಿ ಅದು ಸಾರ್ವಜನಿಕರ ಬಳಕೆಗೆ ಬಂದಿತು. ಇಂದು ಗುಂಡಿಯೇ ಇಲ್ಲದ ಗಾಜಿನ ಪರದೆಯ ಮೇಲೂ ಅದೇ ಕ್ರಮ ಉಳಿದಿದೆ.

ವಿದ್ಯಾರ್ಥಿಗಳು ವಿಜ್ಞಾನ ಪ್ರದರ್ಶನಕ್ಕೆ ಉಪಕರಣವೊಂದನ್ನು ಯೋಚಿಸಿದಾಗ ಈ ಕ್ರಮವನ್ನು ಅನುಸರಿಸಿ ನೋಡಬಹುದು. ಮೊದಲು ರಟ್ಟಿನಲ್ಲೊಂದು ಮಾದರಿಯನ್ನು ಮಾಡಿ, ಅದನ್ನೆಂದೂ ಕಾಣದವರ ಕೈಗೆ ಕೊಡಿ. ವಿವರಿಸಲು ಹೋಗದೆ ಸುಮ್ಮನೆ ಗಮನಿಸಿ. ಅವರ ಕೈ ಎಲ್ಲಿ ತಡೆಯುವುದೋ ಅಲ್ಲಿಯೇ ನಾವು ತಿದ್ದಬೇಕಾದ ತಪ್ಪಿದೆ. ರಟ್ಟನ್ನು ತಿದ್ದಲು ಕತ್ತರಿ ಸಾಕು. ಕಬ್ಬಿಣವನ್ನು ತಿದ್ದುವುದು ಅಷ್ಟು ಸುಲಭವಲ್ಲ.